ರೇಡಿಯೇಟರ್ ಆಫ್ ಮಾಡಿದ್ರೆ ಬಿಲ್ ಕಮ್ಮಿ ಆಗಲ್ಲ

ಈ ಜನವರಿಯಲ್ಲಿ ಒಬ್ರು ಅಮ್ಮನ ಮನೆಗೆ ಹೋಗಿದ್ದೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ, ವಯಸ್ಸಾದವರಿಗೆ ಅಂತಲೇ ಕಟ್ಟಿರೋ ಶೆಲ್ಟರ್ಡ್ ಹೌಸಿಂಗ್. ಎಂಬತ್ತು ದಾಟಿದೆ, ಹಾಸನದ ಕಡೆಯವರು, ಗಂಡ ತೀರ್ಕೊಂಡ ಮೇಲೆ ಒಬ್ಬರೇ ಇದಾರೆ. ಕಾರಿಡಾರಲ್ಲಿ ನಡ್ಕೊಂಡು ಹೋಗೋವಾಗ ನಾನು ಕೋಟು ಬಿಚ್ಚಿ ಕೈಲಿ ಹಿಡ್ಕೊಂಡೆ, ಅಷ್ಟು ಸೆಖೆ. ಅವರ ಬಾಗಿಲು ತೆಗೆದು ಒಳಗೆ ಹೋದ ತಕ್ಷಣ ಮತ್ತೆ ಹಾಕ್ಕೊಂಡೆ. ಎರಡು ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ಉಲ್ಲನ್ ಸಾಕ್ಸ್, ಬಿಸಿನೀರು ಹರಿದು ರೂಮು ಬೆಚ್ಚಗೆ ಮಾಡೋ ರೇಡಿಯೇಟರ್ ಮುಟ್ಟಿದ್ರೆ ಕಲ್ಲಿನ ಥರ ತಣ್ಣಗೆ. ಥರ್ಮಾಮೀಟರ್ 14 ಡಿಗ್ರಿ ತೋರಿಸ್ತಿತ್ತು, ಮನೆ ಒಳಗೆ ಕನಿಷ್ಠ 18 ಇರಲಿ ಅಂತ ಇಲ್ಲಿನ ಆರೋಗ್ಯ ಇಲಾಖೆಯವರು ಹೇಳ್ತಾರೆ.

"ಯಾಕಮ್ಮ ಆಫ್ ಮಾಡಿದೀರ?" ಅಂದ್ರೆ, "ಹಾಕಿದ್ರೆ ಬಿಲ್ ಬರತ್ತಲ್ಲಮ್ಮ, ಏಪ್ರಿಲ್‌ನಿಂದ ಮತ್ತೆ ಜಾಸ್ತಿ ಮಾಡ್ತಾರಂತೆ" ಅಂದ್ರು.

ಆ ಕಟ್ಟಡದಲ್ಲಿ ಎಷ್ಟು ಶಾಖ ಬಳಸಿದ್ರು ಅಂತ ಅಳೆಯೋ ಹೀಟ್ ಮೀಟರ್ ಮನೆಮನೆಗೆ ಇಲ್ಲ. ಕೆಳಗೆ ಒಂದು ದೊಡ್ಡ ಬಾಯ್ಲರ್, ಅದರಿಂದ ಎಲ್ಲಾ ಫ್ಲ್ಯಾಟ್‌ಗೂ ಬಿಸಿನೀರಿನ ಪೈಪು, ವರ್ಷದ ಗ್ಯಾಸ್ ಖರ್ಚನ್ನ ಫ್ಲ್ಯಾಟಿನ ಸೈಜ್ ನೋಡಿ ಹಂಚಿ ವಾರಕ್ಕಿಷ್ಟು ಅಂತ ಬಾಡಿಗೆ ಜೊತೆ ತಗೋತಾರೆ. ಅವರು ಇಡೀ ಚಳಿಗಾಲ ನಡುಗ್ತಾ ಕೂತ್ರೂ ಅವರು ಕೊಡೋದು ಅಷ್ಟೇ, ಬೆಚ್ಚಗೆ ಕೂತ್ರೂ ಅಷ್ಟೇ. ಅವರೊಬ್ಬರು ಆಫ್ ಮಾಡಿದ್ದರಿಂದ ಗ್ಯಾಸ್ ಒಂಚೂರು ಉಳಿದಿರಬಹುದು, ಆ ಉಳಿತಾಯ ಎಲ್ಲಾ ಮನೆಗೂ ಹಂಚಿಹೋಗಿ ಅವರ ಪಾಲಿಗೆ ಬರೋದು ಚಿಲ್ಲರೆ. ಇದನ್ನ ಅವರಿಗೆ ಯಾರೂ ಹೇಳೇ ಇರಲಿಲ್ಲ. ಎನರ್ಜಿ ಅಡ್ವೈಸರ್ ಆಗಿ ನಾನು ಹೋಗೋ ಇಂಥ ಮನೆಗಳಲ್ಲಿ ಅತಿ ಹೆಚ್ಚು ಸಂಕಟ ಆಗೋದು ಇದೇ ವಿಷಯಕ್ಕೆ, ಅದಕ್ಕೇ ಇದನ್ನ ಬರೀತಿರೋದು. ನಿಮ್ಮ ಅಪ್ಪ ಅಮ್ಮನೋ ದೊಡ್ಡಪ್ಪನೋ ಇಲ್ಲಿ ಇಂಥ ಕಡೆ ಇದ್ರೆ ಮೊದಲು ಕೇಳಬೇಕಾದ ಪ್ರಶ್ನೆ, ಮನೆಗೆ ಹೀಟ್ ಮೀಟರ್ ಇದೆಯಾ? ಇದ್ರೆ ಬಳಸಿದಷ್ಟಕ್ಕೆ ದುಡ್ಡು, ಆಗ ಥರ್ಮೋಸ್ಟಾಟ್ ತಗ್ಗಿಸೋದಕ್ಕೆ ಅರ್ಥ ಇದೆ. ಇಲ್ಲದಿದ್ರೆ ದಯವಿಟ್ಟು ಬೆಚ್ಚಗಿರಕ್ಕೆ ಹೇಳಿ.

ಹಾಗಾದ್ರೆ ದುಡ್ಡು ಯಾಕೆ ಅಷ್ಟೊಂದು ಏರತ್ತೆ? ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಜನರೇಟರ್ ಡೀಸೆಲ್ ಖರ್ಚನ್ನ ಮೇಂಟೆನೆನ್ಸಲ್ಲಿ ಸೇರಿಸಿ ಹಂಚ್ತಾರಲ್ಲ, ಡೀಸೆಲ್ ಎಲ್ಲಿ ತಗೊಂಡ್ರು ಎಷ್ಟಕ್ಕೆ ತಗೊಂಡ್ರು ಅನ್ನೋದು ಸಾಮಾನ್ಯ ನಿವಾಸಿಗೆ ಗೊತ್ತಾಗಲ್ಲ, ಇದೂ ಹೆಚ್ಚುಕಮ್ಮಿ ಹಾಗೇ. ಬಾಯ್ಲರಿಗೆ ಗ್ಯಾಸ್ ಕೊಳ್ಳೋದು ಮನೆ ಮಾಲೀಕ ಸಂಸ್ಥೆ, ಅಂದ್ರೆ ಕೌನ್ಸಿಲ್ಲೋ (ಇಲ್ಲಿನ ಸ್ಥಳೀಯ ಸರ್ಕಾರ) ಹೌಸಿಂಗ್ ಅಸೋಸಿಯೇಷನ್ನೋ (ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡೋ ಸಂಸ್ಥೆ), ಅದೂ ಬಿಸಿನೆಸ್ ಕಾಂಟ್ರಾಕ್ಟಲ್ಲಿ. ಆಫ್‌ಜೆಮ್ ಅನ್ನೋ ಗ್ಯಾಸ್, ಕರೆಂಟ್ ನಿಯಂತ್ರಕ ಸಂಸ್ಥೆ 2019ರ ಜನವರಿಯಿಂದ ಮನೆಬಳಕೆಗೆ ಪ್ರೈಸ್ ಕ್ಯಾಪ್, ಅಂದ್ರೆ ದರಕ್ಕೆ ಗರಿಷ್ಠ ಮಿತಿ, ಇಟ್ಟಿದೆ, ಆದ್ರೆ ಅದು ಬಿಸಿನೆಸ್ ಕಾಂಟ್ರಾಕ್ಟಿಗೆ ಅನ್ವಯಿಸಲ್ಲ. ಹೀಗಾಗಿ ವಾಸ ಮಾಡೋದು ಮನೆಯಲ್ಲೇ ಆದ್ರೂ ಗ್ಯಾಸ್ ಲೆಕ್ಕದಲ್ಲಿ ನೀವು ಒಂದು ಅಂಗಡಿ ಥರ. 2022ರ ಅಕ್ಟೋಬರಿಂದ ಸಾಮಾನ್ಯ ಮನೆಗಳಿಗೆ ಗ್ಯಾಸ್ ದರ ಯೂನಿಟ್ಟಿಗೆ ಸುಮಾರು 10.3 ಪೆನ್ಸಿಗೆ ಸರ್ಕಾರ ಹಿಡಿದು ನಿಲ್ಲಿಸ್ತು, ಇಂಥ ಕಟ್ಟಡದವರಿಗೆ ಅದು ಸಿಗಲಿಲ್ಲ, ಬಿಸಿನೆಸ್ಸಿನವರಿಗೆ ಅಂತ ಮಾಡಿದ ಬೇರೆ ಸ್ಕೀಮಲ್ಲಿ ಸಹಾಯ ಬಂತು, ಅದನ್ನ ಬಾಡಿಗೆದಾರರಿಗೆ ದಾಟಿಸ್ಲೇಬೇಕು ಅಂತ ಕಾನೂನೂ ಇತ್ತು. ಆ ವರ್ಷ ಸರ್ಕಾರ ಎಲ್ಲಾ ಮನೆಗೂ ಕೊಟ್ಟ 400 ಪೌಂಡ್ ಸಹಾಯ ಕರೆಂಟ್ ಬಿಲ್ಲಿನ ಅಕೌಂಟಿಗೆ ತಾನಾಗೇ ಬಂತು, ತಮ್ಮ ಹೆಸರಲ್ಲಿ ಕರೆಂಟ್ ಬಿಲ್ಲಿನ ಅಕೌಂಟ್ ಇಲ್ಲದವರು ಮಾತ್ರ 2023ರ ಮೇ 31ರೊಳಗೆ ಅರ್ಜಿ ಹಾಕಿ ತಗೋಬೇಕಿತ್ತು. ಗೊತ್ತಾಗದೇ ಬಿಟ್ಟವರನ್ನ ನಾನೇ ನೋಡಿದೀನಿ, ಇಂಟರ್‌ನೆಟ್ ಬಳಸದ ಎಂಬತ್ತರ ವಯಸ್ಸಿನವರು.

ಇನ್ನೊಂದು, ಈ ಚಾರ್ಜು ಯಾವಾಗ್ಲೂ ತಡವಾಗಿ ಬರತ್ತೆ. ಮುಂದಿನ ವರ್ಷ ಇಷ್ಟು ಖರ್ಚಾಗಬಹುದು ಅಂತ ಮೊದಲೇ ಅಂದಾಜು ಮಾಡಿ ಏಪ್ರಿಲಿಂದ ವಸೂಲು ಮಾಡ್ತಾರೆ, ವರ್ಷ ಮುಗಿದ ಮೇಲೆ ನಿಜವಾದ ಖರ್ಚು ನೋಡಿ ಕಮ್ಮಿ ಬಿದ್ದಿದ್ದನ್ನ ಅದರ ಮುಂದಿನ ವರ್ಷಕ್ಕೆ ಸೇರಿಸ್ತಾರೆ. ಅದಕ್ಕೇ ಟೀವಿಯಲ್ಲಿ ಗ್ಯಾಸ್ ರೇಟ್ ಇಳೀತು ಅಂತ ಹೇಳ್ತಿರೋವಾಗ್ಲೇ ಇವರ ಕೈಗೆ ಚಾರ್ಜ್ ಏರಿದೆ ಅನ್ನೋ ಪತ್ರ ಬರತ್ತೆ, ಹಳೇ ಬಾಕಿ ಅದು.

ಈಗ ಆ ಸೆಖೆ ಕಾರಿಡಾರಿಗೆ ಬರ್ತೀನಿ. ಜುಲೈ ತಿಂಗಳಲ್ಲೂ ಇಂಥ ಕಟ್ಟಡಗಳ ಕಾರಿಡಾರು ಬೇಯ್ತಾ ಇರತ್ತೆ, ಯಾಕಂದ್ರೆ ನಲ್ಲಿಗೆ ಬಿಸಿನೀರು ಬೇಕಲ್ಲ, ಬಾಯ್ಲರ್ ವರ್ಷಪೂರ್ತಿ ಓಡತ್ತೆ, ಫಾಲ್ಸ್ ಸೀಲಿಂಗ್ ಮೇಲೆ ಹೋಗೋ ಪೈಪುಗಳಿಗೆ ಸರಿಯಾದ ಇನ್ಸುಲೇಶನ್ ಇರಲ್ಲ, ವಾಲ್ವ್‌ಗಳಿಗಂತೂ ಬಟ್ಟೆಯಷ್ಟೂ ಸುತ್ತಿರಲ್ಲ. ಲೆಕ್ಕ ಹಾಕಿ ನೋಡಿ. ಗ್ಯಾಸ್ ಯೂನಿಟ್ಟಿಗೆ 6 ಪೆನ್ಸ್ ಅಂತಿಟ್ಕೊಳ್ಳಿ, 100 ಯೂನಿಟ್ ಉರಿಸಿದ್ರೆ ಬಾಯ್ಲರಲ್ಲಿ ಒಂದಷ್ಟು ಪೈಪಲ್ಲಿ ಒಂದಷ್ಟು ಹೋಗಿ ಮನೆಗಳಿಗೆ 50 ಮುಟ್ಟಿದ್ರೆ, ಮನೆಗೆ ತಲುಪಿದ ಶಾಖಕ್ಕೆ ಯೂನಿಟ್ಟಿಗೆ 12 ಪೆನ್ಸ್ ಬಿತ್ತು. ಕಾಂಟ್ರಾಕ್ಟ್ ಎಷ್ಟೇ ಚೆನ್ನಾಗಿ ಮಾಡ್ಕೊಂಡ್ರೂ ಈ ಸೋರಿಕೆ ನಿಲ್ಲಿಸದಿದ್ರೆ ಪ್ರಯೋಜನ ಇಲ್ಲ. ನನ್ನ ಅಭಿಪ್ರಾಯದಲ್ಲಿ ರೇಟಿನ ಬಗ್ಗೆ ಆಗೋ ಗಲಾಟೆಯಲ್ಲಿ ಕಾಲು ಭಾಗ ಪೈಪಿನ ಬಗ್ಗೆ ಆಗಿದ್ರೆ ಎಷ್ಟೋ ಜನರ ಚಾರ್ಜ್ ಇಳೀತಿತ್ತು.

ಬಾಡಿಗೆದಾರರ ಕೈಲಿರೋದು ಪತ್ರ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಪ್ರಕಾರ, ಸರ್ವೀಸ್ ಚಾರ್ಜು (ಹೀಟಿಂಗ್ ಥರದ್ದಕ್ಕೆ ಬಾಡಿಗೆ ಜೊತೆ ತಗೊಳ್ಳೋ ದುಡ್ಡು) ಖರ್ಚಿಗೆ ತಕ್ಕಂತೆ ಏರಿಳಿಯೋ ಥರದ್ದಾದ್ರೆ, ಖರ್ಚಿನ ಲೆಕ್ಕ ಕೊಡಿ ಅಂತ ಬರೆದು ಕೇಳೋ ಹಕ್ಕಿದೆ, ಲೆಕ್ಕ ಕೈಗೆ ಬಂದ ಆರು ತಿಂಗಳೊಳಗೆ ಬಿಲ್ಲು ರಸೀದಿಗಳನ್ನೇ ತೋರಿಸಿ ಅಂತಲೂ ಕೇಳಬಹುದು. ಖರ್ಚು ನ್ಯಾಯವಾಗಿಲ್ಲ ಅನಿಸಿದ್ರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಚಾರ್ಜು ಫಿಕ್ಸೆಡ್ ಆಗಿದ್ರೆ, ಇಲ್ಲಾ ಕೌನ್ಸಿಲ್ ಮನೆಯಲ್ಲಿ ಮಾಮೂಲಿ ಬಾಡಿಗೆಗಿದ್ರೆ, ಈ ದಾರಿ ಇಲ್ಲ, ಅದಕ್ಕೇ ಮೊದಲು ಟೆನೆನ್ಸಿ ಅಗ್ರಿಮೆಂಟ್ ತೆಗೆದು ಓದಿ (ಇದು ಇಂಗ್ಲೆಂಡ್, ವೇಲ್ಸ್ ಮಾತು, ಸ್ಕಾಟ್ಲೆಂಡಲ್ಲಿ ಕಾನೂನು ಬೇರೆ). ಬಿಲ್ ಸಿಕ್ಕಿದ್ರೆ ನಾನು ಮೊದಲು ನೋಡೋದು ವ್ಯಾಟ್, ಜನ ವಾಸ ಮಾಡೋ ಕಟ್ಟಡದ ಗ್ಯಾಸಿಗೆ 5 ಪರ್ಸೆಂಟ್ ಇರಬೇಕು, ಬಿಸಿನೆಸ್ ಕಾಂಟ್ರಾಕ್ಟ್ ಅಂತ 20 ಹಾಕಿದ್ರೆ ಆ ತಪ್ಪು ಸರಿಮಾಡಿಸಬೇಕು.

ಹೌಸಿಂಗ್ ಬೆನಿಫಿಟ್, ಅಂದ್ರೆ ಕಮ್ಮಿ ಆದಾಯದವರ ಬಾಡಿಗೆಗೆ ಕೊಡೋ ಸಹಾಯಧನ, ಬರ್ತಿರೋರು ಇನ್ನೊಂದು ನೋಡ್ಕೋಬೇಕು. ಸ್ವಂತ ಫ್ಲ್ಯಾಟ್ ಬಿಸಿ ಮಾಡೋ ಖರ್ಚಿಗೆ ಅದು ಸಿಗಲ್ಲ, ಆದ್ರೆ ಕಾರಿಡಾರ್ ಮತ್ತೆ, ಶೆಲ್ಟರ್ಡ್ ಹೌಸಿಂಗ್ ಆದ್ರೆ, ಎಲ್ಲರೂ ಕೂರೋ ಲೌಂಜ್ ಬಿಸಿ ಮಾಡೋ ಖರ್ಚಿಗೆ ಸಿಗತ್ತೆ, ಅದನ್ನ ಬೇರೆ ಮಾಡಿ ತೋರಿಸಿದ್ರೆ. ಎರಡನ್ನೂ ಸೇರಿಸಿ "ಹೀಟಿಂಗ್" ಅಂತ ಒಂದೇ ಸಾಲು ಬರೆದು ಕಳಿಸೋದ್ರಿಂದ ಬಾಡಿಗೆದಾರರಿಗೆ ವಾರವಾರ ನಷ್ಟ. ಕೇಳಿ ಬೇರೆ ಮಾಡಿಸ್ಕೊಳ್ಳಿ.

ವಯಸ್ಸಾದವರಿಗೆ ಚಳಿಗಾಲಕ್ಕೆ ಅಂತ ಸರ್ಕಾರ ಕೊಡೋ ವಿಂಟರ್ ಫ್ಯೂಯಲ್ ಪೇಮೆಂಟಿಗೂ ಬಾಯ್ಲರ್ ಯಾರದ್ದು ಅನ್ನೋದಕ್ಕೂ ಸಂಬಂಧ ಇಲ್ಲ, ಮನೆಗೆ 200 ಪೌಂಡ್, 80 ದಾಟಿದವರಿದ್ರೆ 300. ಕಮ್ಮಿ ಆದಾಯದವರಿಗೆ ಸಿಗೋ ವಾರ್ಮ್ ಹೋಮ್ ಡಿಸ್ಕೌಂಟಿನ 150 ಪೌಂಡ್ ಬರೋದು ಕರೆಂಟ್ ಬಿಲ್ಲಲ್ಲಿ, ಹಾಗಾಗಿ ಕರೆಂಟ್ ಅಕೌಂಟ್ ಅವರ ಹೆಸರಲ್ಲೇ ಇದೆಯಾ ನೋಡಿ. ಕಮ್ಮಿ ಆದಾಯದ ವಯಸ್ಸಾದವರಿಗೆ ಕೊಡೋ ಪೆನ್ಷನ್ ಕ್ರೆಡಿಟ್ ಸಿಕ್ಕಿದ್ರೆ ಬೇರೆ ಹಲವು ಬಾಗಿಲು ತೆಗೆಯತ್ತೆ, ಆದ್ರೆ ಊರಿಂದ ಅಪ್ಪ ಅಮ್ಮನನ್ನ ಅವಲಂಬಿತರ ವೀಸಾದಲ್ಲಿ ಕರೆಸ್ಕೊಂಡವರು ಹುಷಾರು, ಮೊದಲ ಐದು ವರ್ಷ ಇಂಥದ್ದಕ್ಕೆ ಕೈ ಹಾಕೋ ಮುಂಚೆ ವಲಸೆ ವಕೀಲರನ್ನ ಕೇಳ್ಲೇಬೇಕು.

ಇಷ್ಟು ವರ್ಷ ಹೀಟ್ ನೆಟ್‌ವರ್ಕ್ (ಹೀಗೆ ಒಂದೇ ಬಾಯ್ಲರಿಂದ ಹಲವು ಮನೆಗೆ ಶಾಖ ಕೊಡೋ ವ್ಯವಸ್ಥೆ) ಅನ್ನೋದಕ್ಕೆ ಹೇಳೋರು ಕೇಳೋರು ಹೆಚ್ಚೇನೂ ಇರಲಿಲ್ಲ. 2023ರ ಎನರ್ಜಿ ಆಕ್ಟ್ ಬಂದ ಮೇಲೆ ಬದಲಾಗ್ತಿದೆ, 2025ರ ಏಪ್ರಿಲಿಂದ ಎನರ್ಜಿ ಓಂಬುಡ್ಸ್‌ಮನ್ ಅನ್ನೋ ಸ್ವತಂತ್ರ ಸಂಸ್ಥೆ ಹತ್ರ ದೂರು ಕೊಡಬಹುದು, 2026ರ ಜನವರಿ 27ರಿಂದ ಆಫ್‌ಜೆಮ್ ನಿಯಂತ್ರಣವೂ ಶುರುವಾಗಿದೆ. ದರಕ್ಕೆ ಕ್ಯಾಪ್ ಮಾತ್ರ ಇನ್ನೂ ಇಲ್ಲ.

ಆ ಅಮ್ಮನ ಅಗ್ರಿಮೆಂಟ್ ತೆಗೆದು ನೋಡಿದ್ವಿ, ಏರಿಳಿಯೋ ಚಾರ್ಜೇ. ಅವತ್ತೇ ಕೂತು ಪತ್ರ ಬರೆದ್ವಿ, ಅವರೇ ಕೈಯಾರೆ ಬರೀತೀನಿ ಅಂದ್ರು, ನಾನು ಹೇಳ್ತಾ ಹೋದೆ: ಮೂರು ವರ್ಷದ ಗ್ಯಾಸ್ ಬಿಲ್ಲು, ಹಂಚಿದ್ದು ಹೇಗೆ ಅನ್ನೋ ಲೆಕ್ಕ, ಲೌಂಜಿನದ್ದು ಬೇರೆ, ಪೈಪಿನ ಇನ್ಸುಲೇಶನ್ ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ. ಪಕ್ಕದ ಫ್ಲ್ಯಾಟಿನ ಇಂಗ್ಲಿಷ್ ಅಜ್ಜಿ, ಎದುರುಗಡೆ ಮನೆಯ ಗುಜರಾತಿ ದಂಪತಿ ಕೂಡ ಸೈನ್ ಹಾಕಿದ್ರು. ಹೊರಡೋವಾಗ ರೇಡಿಯೇಟರಿನ ತಿರುಪನ್ನ 3ನೇ ನಂಬರಿಗೆ ಇಟ್ಟು ಬಂದೆ, ಸಂಜೆ ಫೋನ್ ಮಾಡಿ ಕೇಳಿದ್ರೆ ಅವರು ಆಗ್ಲೇ 1ಕ್ಕೆ ಇಳಿಸಿದ್ರು, ಮತ್ತೆ ಎಲ್ಲಾ ವಿವರಿಸಿ ಹೇಳಿದೆ. ಈಗ 3ರಲ್ಲೇ ಇದೆಯಂತೆ. ಪತ್ರಕ್ಕೆ ಉತ್ತರ ಬರದಿದ್ದಕ್ಕೆ ದೂರನ್ನೂ ಕೊಟ್ಟಿದೀವಿ, ಮಾಲೀಕ ಸಂಸ್ಥೆಗೆ ಉತ್ತರ ಕೊಡಕ್ಕೆ ಇರೋ ಎಂಟು ವಾರ ಮಾರ್ಚ್ ಕೊನೆಗೆ ಮುಗಿಯತ್ತೆ, ಅಷ್ಟರಲ್ಲಿ ಏನೂ ಬರದಿದ್ರೆ ಓಂಬುಡ್ಸ್‌ಮನ್ ಫಾರ್ಮ್ ತುಂಬಕ್ಕೆ ಮತ್ತೆ ಅವರ ಮನೆಗೆ ಹೋಗ್ತೀನಿ.