ಮಾಮೂಲು: ವಾಡಿಕೆ ವಸೂಲಿಯಾದ ಬಗೆ

ದೀಪಾವಳಿ ಬಂತೆಂದರೆ ಪೋಸ್ಟ್‌ಮ್ಯಾನ್, ಕಸದ ಗಾಡಿಯವರು, ಸಿಲಿಂಡರ್ ತರುವವರು ಬಾಗಿಲಿಗೆ ಬಂದು 'ಹಬ್ಬದ ಮಾಮೂಲು ಕೊಡಿ ಅಮ್ಮಾ' ಎನ್ನುತ್ತಾರೆ. ರಸ್ತೆ ಬದಿಯ ತಳ್ಳುಗಾಡಿಯವರು ಜಾಗ ಉಳಿಸಿಕೊಳ್ಳಲು ತೆರುವ ದುಡ್ಡಿಗೂ ಮಾಮೂಲು ಅಂತಲೇ ಹೆಸರು. ಒಂದನ್ನು ಖುಷಿಗೆ ಕೊಡುತ್ತೇವೆ, ಇನ್ನೊಂದನ್ನು ಹೆದರಿ ಕೊಡುತ್ತಾರೆ.

ಪದದ ಮೂಲ ಅರಬ್ಬಿ. ಅಮಲ್ ಎಂದರೆ ಕೆಲಸ, ಆಚರಣೆ. ಮಾಮೂಲ್ ಎಂದರೆ ರೂಢಿಯಲ್ಲಿರುವುದು. ನಮ್ಮ ಅಮಲ್ದಾರನೂ ಅದೇ ಬೇರಿನವನು. ಬಹಮನಿ, ಆದಿಲಶಾಹಿಗಳ ಕಾಲದಿಂದ ದಫ್ತರದಲ್ಲಿ ಪಾರಸಿ ಓಡಾಡುತ್ತಿತ್ತು. ಖಜಾನೆ, ರಸೀದಿ, ಇನಾಮು, ಭಕ್ಷೀಸು ಎಲ್ಲ ಆ ದಾರಿಯಲ್ಲೇ ಕನ್ನಡಕ್ಕೆ ಬಂದವು. ಭಕ್ಷೀಸು ಇವತ್ತಿಗೂ ಮೆಚ್ಚಿ ಕೊಡುವ ದುಡ್ಡಾಗಿಯೇ ಉಳಿದಿದೆ. ಕೆಟ್ಟಿದ್ದು ಮಾಮೂಲು.

ಹಾಗಂತ ಲಂಚ ಹೊರಗಿನಿಂದ ಬಂತು ಅಂದುಕೊಳ್ಳಬೇಡಿ. 12ನೇ ಶತಮಾನದಲ್ಲೇ ಶರಣೆ ಸತ್ಯಕ್ಕ 'ಲಂಚವಂಚನಕ್ಕೆ ಕೈಯಾನದ ಭಾಷೆ' ಎಂದು ಹೇಳಿದ್ದಾಳೆ. ಲಂಚಕ್ಕೆ, ಮೋಸಕ್ಕೆ ಕೈ ಒಡ್ಡುವುದಿಲ್ಲ ಎಂಬ ಮಾತು ಕೊಟ್ಟವಳು ಅಂಗಳ ಗುಡಿಸುವ ಕಾಯಕದವಳು. ಸಂಬಳದ ಬೆನ್ನಿಗೆ ಗಿಂಬಳವನ್ನು ಹುಟ್ಟಿಸಿಕೊಂಡಿದ್ದೂ ನಾವೇ. ಕಾಫಿ ಗೀಫಿಯ ಗೀಫಿಗೆ ಬೇರೆ ಅರ್ಥವಿಲ್ಲ, ಗಿಂಬಳಕ್ಕೆ ಮಾತ್ರ ಎಲ್ಲರಿಗೂ ಗೊತ್ತಿರುವ ಅರ್ಥವಿದೆ.

ವಾಡಿಕೆಯ ಕೊಡುಗೆಗೂ ಒಂದು ಕಾಲದಲ್ಲಿ ಮರ್ಯಾದೆ ಇತ್ತು. ಊರಿನ ಕಮ್ಮಾರ, ಬಡಗಿ, ಮಡಿವಾಳ, ತಳವಾರ ಮುಂತಾದ ಆಯಗಾರರಿಗೆ ತಿಂಗಳ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು. ಅದು ಭಿಕ್ಷೆಯಲ್ಲ, ಲಂಚವೂ ಅಲ್ಲ, ದುಡಿದದ್ದಕ್ಕೆ ಕೂಲಿ. ಸರ್ಕಾರ ಸಂಬಳ ಕೊಡುವ ನೌಕರ ಅದೇ ವಾಡಿಕೆಯ ಹೆಸರಿನಲ್ಲಿ ಕೈ ಒಡ್ಡಿದರೆ ಲೆಕ್ಕವೇ ಬೇರೆ. ಅವನ ಕೂಲಿ ಆಗಲೇ ಸಂದಿರುತ್ತದೆ.

ಈ ವ್ಯತ್ಯಾಸ ನೋಡಬೇಕೆಂದರೆ ಹೆರಿಗೆ ವಾರ್ಡಿಗೆ ಹೋಗಬೇಕು. ಹಳ್ಳಿಯಲ್ಲಿ ಸೂಲಗಿತ್ತಿಗೆ ಸೀರೆ, ಅಕ್ಕಿ, ಬೆಲ್ಲ, ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಬಾಣಂತಿ, ಮಗು ಚೆನ್ನಾಗಿದ್ದಾರೆಂಬ ಸಂತೋಷಕ್ಕೆ ಕೊಡುತ್ತಿದ್ದದ್ದು ಅದು. ಈಗ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಮಗುವಿನ ಮುಖ ತೋರಿಸೋಕೆ ದುಡ್ಡು, ಬಾಣಂತಿಯನ್ನು ಸ್ಟ್ರೆಚರ್‌ನಲ್ಲಿ ವಾರ್ಡಿಗೆ ಕರೆತರೋಕೆ ದುಡ್ಡು. ಗಂಡು ಮಗುವಾದರೆ ರೇಟು ಜಾಸ್ತಿ. 'ಖುಷಿಗೆ ಏನಾದ್ರೂ ಕೊಡಿ' ಅಂತಲೇ ಕೇಳುತ್ತಾರೆ, ಆದರೆ ಎಷ್ಟು ಕೊಡಬೇಕೆಂದು ಅವರೇ ಹೇಳುತ್ತಾರೆ. ಕೂಲಿ ಮಾಡುವ ಅಪ್ಪನೊಬ್ಬ ಬಾಗಿಲಲ್ಲಿ ನಿಂತು ಜೇಬು ತಡಕುವಾಗ ಆ ಖುಷಿ ಯಾರದ್ದು, ಅಲ್ವಾ? ಕೊಡಲ್ಲ ಅನ್ನಲು ಬಾಯಿ ಬರದ ಕಡೆ ಭಕ್ಷೀಸು ಎಂಬ ಮಾತೇ ಇಲ್ಲ.

ತಳ್ಳುಗಾಡಿಯವರದ್ದೂ ಇದೇ ಪಾಡು. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಹೇಳುತ್ತದೆ. ಅದು ಗೊತ್ತಿಲ್ಲದವರು ತಮ್ಮ ಹಕ್ಕಿನ ಜಾಗಕ್ಕೆ ಮಾಮೂಲು ಕಟ್ಟುತ್ತಾರೆ.

ಕಾನೂನು ಹೆಸರಿಗೆ ಮರುಳಾಗುವುದಿಲ್ಲ. ಸರ್ಕಾರಿ ಕೆಲಸ ಮಾಡಿಕೊಡಲು ಸಂಬಳದ ಹೊರಗೆ ಏನೇ ಪಡೆದರೂ ಅಪರಾಧ ಎಂದು 1860ರ ದಂಡ ಸಂಹಿತೆಯ 161ನೇ ಕಲಮೇ ಹೇಳಿತ್ತು. ಅದು 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿತು. 2018ರ ತಿದ್ದುಪಡಿಯಿಂದ ಕೊಡುವವರೂ ತಪ್ಪಿತಸ್ಥರೇ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಕರ್ನಾಟಕದಲ್ಲಿ ಇಂಥ ದೂರು ಲೋಕಾಯುಕ್ತ ಪೊಲೀಸರಿಗೆ ಹೋಗುತ್ತದೆ.

ಹಸಿ ಬಾಣಂತಿಯನ್ನು ಮನೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಈ 7 ದಿನ ಯಾರಿಗೆ ನೆನಪಿರುತ್ತದೆ? ಹೆರಿಗೆ ವಾರ್ಡಿನ ಬಾಗಿಲ ಮೇಲೇ ಈ ಗಡುವನ್ನೂ ಲೋಕಾಯುಕ್ತದ ಫೋನ್ ನಂಬರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಲಿ.