ಪರಿವಿಡಿಯ ಪುಟ ಸಂಖ್ಯೆಗಳು ಒಂದೇ ಗೆರೆಗೆ ಬರುವುದಿಲ್ಲವೇಕೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಯ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಮಹಾಪ್ರಬಂಧವನ್ನು ವರ್ಡ್‌ನಲ್ಲಿ ನಾನೇ ಟೈಪ್ ಮಾಡಿದ್ದೇನೆ. ಪರಿವಿಡಿಯಲ್ಲಿ ಪುಟ ಸಂಖ್ಯೆಗಳು ಬಲ ಅಂಚಿನಲ್ಲಿ ಒಂದರ ಕೆಳಗೊಂದು ನಿಲ್ಲುತ್ತಿಲ್ಲ. ಕೆಲವು ಸಾಲುಗಳಲ್ಲಿ ಶೀರ್ಷಿಕೆಯೇ ಬಲಕ್ಕೆ ಹಾರಿಹೋಗಿದೆ. ಒಂದೊಂದೇ ಸಾಲನ್ನು ಕೈಯಿಂದ ಸರಿಪಡಿಸಿದರೆ, ಮರುದಿನ ಅಪ್‌ಡೇಟ್ ಕೊಟ್ಟಾಗ ಎಲ್ಲವೂ ಮೊದಲಿನಂತಾಗುತ್ತದೆ. ಶಾಶ್ವತವಾಗಿ ಸರಿಪಡಿಸುವುದು ಹೇಗೆ?

ಉತ್ತರ: ಪ್ರಬಂಧದ ಕೊನೆಯ ಕರಡು ಸಿದ್ಧವಾದ ವಾರದಲ್ಲಿ ಸಂಶೋಧನಾರ್ಥಿಗಳಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲಿಯೇ ಉತ್ತರದ ಅರ್ಧ ಅಡಗಿದೆ. ಅಪ್‌ಡೇಟ್ ಕೊಟ್ಟಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ ಎಂದರೆ ನಿಮ್ಮ ಪರಿವಿಡಿ ಟೈಪ್ ಮಾಡಿದ ಬರಹವಲ್ಲ; ಒಳಗಿನ ಶೀರ್ಷಿಕೆಗಳನ್ನು ಹೆಕ್ಕಿ ವರ್ಡ್ ತಾನೇ ಕಟ್ಟುವ ಪಟ್ಟಿ. ಪಟ್ಟಿಯನ್ನು ಮತ್ತೆ ಕಟ್ಟಿದಾಗಲೆಲ್ಲ ಅದು ಹಳೆಯ ಸಾಲುಗಳನ್ನು ಎಸೆದು ಹೊಸದನ್ನು ಇಡುತ್ತದೆ, ಆದ್ದರಿಂದ ಸಾಲಿನ ಮೇಲೆ ಮಾಡಿದ ಕೆಲಸ ಉಳಿಯುವುದಿಲ್ಲ. ಆ ಸಾಲು ಹೇಗೆ ಕಾಣಬೇಕೆಂಬ ನಿಯಮವಿರುವ ಜಾಗದಲ್ಲಿ, ಅಂದರೆ ಸ್ಟೈಲ್‌ನಲ್ಲಿ ಮಾಡಿದ ಕೆಲಸ ಮಾತ್ರ ಉಳಿಯುತ್ತದೆ.

ಆದರೂ ಒಮ್ಮೆ ಖಚಿತಪಡಿಸಿಕೊಳ್ಳಿ. ಪರಿವಿಡಿಯ ಯಾವುದಾದರೂ ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಇಡೀ ಪಟ್ಟಿಯ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿದರೆ ಅದು ತಾನಾಗಿ ಕಟ್ಟಿದ ಪಟ್ಟಿ. ಬಳಿಕ ಹೋಮ್ ಟ್ಯಾಬಿನಲ್ಲಿರುವ ಪ್ಯಾರಾಗ್ರಾಫ್ ಗುರುತಿನ ಗುಂಡಿಯನ್ನು ಒತ್ತಿರಿ. ಶೀರ್ಷಿಕೆಗೂ ಪುಟ ಸಂಖ್ಯೆಗೂ ನಡುವೆ ಒಂದೇ ಒಂದು ಸಣ್ಣ ಬಾಣದ ಗುರುತು ಕಂಡರೆ ಅಲ್ಲಿರುವುದು ಟ್ಯಾಬ್, ಅಂದರೆ ಮುಂದಿನ ಬರಹವನ್ನು ಗೊತ್ತುಮಾಡಿದ ಜಾಗಕ್ಕೆ ಹಾರಿಸುವ ಕೀಲಿಯ ಗುರುತು. ಸಾಲಿನ ನಡುಮಟ್ಟದಲ್ಲಿ ಸಣ್ಣ ಸಣ್ಣ ಬಿಂದುಗಳು ಸಾಲಾಗಿ ಕಂಡರೆ ಅವು ಯಾರೋ ಹೊಡೆದ ಸ್ಪೇಸ್‌ಗಳು. ಒಂದೇ ಪ್ರಬಂಧದಲ್ಲಿ ಎರಡೂ ಬೆರೆತಿರುವುದನ್ನು ನಾನು ಹಲವು ಸಲ ನೋಡಿದ್ದೇನೆ: ಮೊದಲ ಮೂರು ಅಧ್ಯಾಯಗಳು ತಾನಾಗಿ ಬಂದವು, ಉಳಿದವು ಕೈಯಿಂದ ಸೇರಿಸಿದವು.

ಸ್ಪೇಸ್ ಮತ್ತು ಚುಕ್ಕಿ ಹೊಡೆದು ಅಂಕಿಗಳನ್ನು ಸಾಲಿಗೆ ತರುವ ಅಭ್ಯಾಸ ನಮ್ಮಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಬಂದದ್ದು. ಟೈಪ್‌ರೈಟರಿನಲ್ಲಿ ಪ್ರತಿ ಕೀಲಿಗೂ ಗಾಡಿ ಒಂದೇ ಅಳತೆ ಸರಿಯುತ್ತಿದ್ದುದರಿಂದ ಚುಕ್ಕಿಗಳನ್ನು ಎಣಿಸಿ ಹೊಡೆದರೆ ಅಂಕಿಗಳು ನೆಟ್ಟಗೆ ನಿಲ್ಲುತ್ತಿದ್ದವು. ಕಂಪ್ಯೂಟರಿನ ಕನ್ನಡ ಅಕ್ಷರಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ‘ಗದಗ’ ಎಂಬಲ್ಲಿ ಮೂರು ಅಕ್ಷರ, ‘ಮಯೂರ’ ಎಂಬಲ್ಲಿಯೂ ಮೂರು. ಎರಡನ್ನೂ ಒಂದರ ಕೆಳಗೊಂದು ಟೈಪ್ ಮಾಡಿ ನೋಡಿದರೆ ಎರಡನೆಯದು ಎಷ್ಟು ಹೆಚ್ಚು ಜಾಗ ಹಿಡಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ವ್ಯತ್ಯಾಸ ಒಂದು ಚುಕ್ಕಿಯ ಅಗಲಕ್ಕೆ ಸರಿಯಾಗಿ ಭಾಗವಾಗುವುದಿಲ್ಲ. ಒಂದು ಚುಕ್ಕಿ ಹೆಚ್ಚಿಸಿದರೆ ಅಂಕಿ ಆಚೆಗೆ ಹೋಗುತ್ತದೆ, ತೆಗೆದರೆ ಈಚೆಗೆ ಬರುತ್ತದೆ. ನಾನು ಈ ಕೆಲಸಕ್ಕೆ ಇಳಿದ ಮೊದಲ ವರ್ಷ ನಾಲ್ಕು ಪುಟದ ಪರಿವಿಡಿಯನ್ನು ಹೀಗೆಯೇ ಚುಕ್ಕಿ ಹೊಡೆದು ಕೂಡಿಸಿದ್ದೆ. ಬೈಂಡಿಂಗಿಗೆ ಕೊಡುವ ಹಿಂದಿನ ಸಂಜೆ ಮಾರ್ಗದರ್ಶಕರು ಎರಡನೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿಸಿದರು. ಅಲ್ಲಿಂದ ಮುಂದಿನ ಅಂಕಿಗಳೆಲ್ಲ ಬದಲಾದವು, ಎರಡಂಕಿಯದು ಮೂರಂಕಿಯಾದಲ್ಲಿ ಚುಕ್ಕಿಗಳನ್ನೂ ಹೊಸದಾಗಿ ಹೊಡೆಯಬೇಕಾಯಿತು. ರಾತ್ರಿ ಎರಡಕ್ಕೆ ಮುಗಿಯಿತು.

ಟ್ಯಾಬ್ ಹೋಗಿ ನಿಲ್ಲುವ ಜಾಗವನ್ನು ಟ್ಯಾಬ್ ಸ್ಟಾಪ್ ಎನ್ನುತ್ತಾರೆ; ಪುಟ ಸಂಖ್ಯೆಗಳನ್ನು ನಿಲ್ಲಿಸಬೇಕಾದದ್ದು ಬಲ ಜೋಡಣೆಯ ಟ್ಯಾಬ್ ಸ್ಟಾಪ್. ಎಡ ಜೋಡಣೆಯ ಟ್ಯಾಬಿನಲ್ಲಿ ಬರಹವು ಆ ಜಾಗದಿಂದ ಶುರುವಾಗುತ್ತದೆ. ಬಲ ಜೋಡಣೆಯದರಲ್ಲಿ ಆ ಜಾಗಕ್ಕೆ ಬಂದು ಮುಗಿಯುತ್ತದೆ. 9, 47, 112 ಎಂಬ ಮೂರು ಸಂಖ್ಯೆಗಳ ಕೊನೆಯ ಅಂಕಿ ಒಂದೇ ಗೆರೆಯಲ್ಲಿ ನಿಲ್ಲುವುದು ಈ ಗುಣದಿಂದಲೇ. ನಡುವಿನ ಚುಕ್ಕಿಸಾಲು ಅದೇ ಟ್ಯಾಬಿಗೆ ಅಂಟಿದ ಅಲಂಕಾರ, ಅದನ್ನು ಲೀಡರ್ ಎನ್ನುತ್ತಾರೆ. ಜಾಗ ಎಷ್ಟಿದೆಯೋ ಅಷ್ಟನ್ನು ಅದು ತಾನೇ ತುಂಬಿಕೊಳ್ಳುತ್ತದೆ.

ಇನ್ನು ಸರಿಪಡಿಸುವ ಜಾಗ. ವರ್ಡ್‌ನ ರೆಫರೆನ್ಸಸ್ ಟ್ಯಾಬಿನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಗುಂಡಿಯ ಕೆಳಗೆ ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್ ಎಂದಿದೆ. ಅದನ್ನು ತೆರೆದು, ಪುಟ ಸಂಖ್ಯೆಗಳನ್ನು ಬಲಕ್ಕೆ ಜೋಡಿಸುವ ಚೌಕದಲ್ಲಿ ಗುರುತು ಇದೆಯೇ, ಟ್ಯಾಬ್ ಲೀಡರ್ ಎಂಬಲ್ಲಿ ಚುಕ್ಕಿಸಾಲು ಆಯ್ಕೆಯಾಗಿದೆಯೇ ಎಂಬುದನ್ನು ನೋಡಿರಿ. ಅಲ್ಲಿಯೇ ಮಾಡಿಫೈ ಗುಂಡಿ ಇದೆ. ಫಾರ್ಮ್ಯಾಟ್ಸ್ ಎಂಬಲ್ಲಿ ಫ್ರಮ್ ಟೆಂಪ್ಲೇಟ್ ಆಯ್ಕೆಯಾಗಿದ್ದಾಗ ಮಾತ್ರ ಅದು ಒತ್ತಲು ಬರುತ್ತದೆ, ಅದು ಮಂಕಾಗಿ ಕಂಡರೆ ಗಾಬರಿಯಾಗಬೇಡಿ. ಮಾಡಿಫೈ ಒತ್ತಿದಾಗ ಟಿಒಸಿ 1, ಟಿಒಸಿ 2, ಟಿಒಸಿ 3 ಎಂದು 9ರವರೆಗೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ (ಟಿಒಸಿ ಎಂದರೆ ಟೇಬಲ್ ಆಫ್ ಕಂಟೆಂಟ್ಸ್). ಅಧ್ಯಾಯದ ಹೆಸರುಗಳು ಮೊದಲನೆಯದಕ್ಕೆ, ಉಪಶೀರ್ಷಿಕೆಗಳು ಎರಡನೆಯದಕ್ಕೆ, ಅದರ ಒಳಗಿನವು ಮೂರನೆಯದಕ್ಕೆ ಸೇರುತ್ತವೆ. ಪ್ರತಿಯೊಂದನ್ನೂ ತೆರೆದು ಫಾರ್ಮ್ಯಾಟ್, ಟ್ಯಾಬ್ಸ್ ಎಂದು ಹೋಗಿ, ಹಳೆಯ ಟ್ಯಾಬ್‌ಗಳನ್ನೆಲ್ಲ ಅಳಿಸಿ, ಬಲ ಅಂಚಿನ ಅಳತೆಗೆ ಬಲ ಜೋಡಣೆಯ ಒಂದು ಟ್ಯಾಬನ್ನು ಚುಕ್ಕಿಸಾಲಿನೊಂದಿಗೆ ಇಡಬೇಕು. ಮೂರೂ ಮಟ್ಟಗಳಿಗೆ ಅಳತೆ ಒಂದೇ ಆಗಿರಲಿ.

ಆ ಅಳತೆ ಎಷ್ಟು ಎಂಬುದನ್ನು ಊಹೆಗೆ ಬಿಡಬಾರದು. ಎ4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಬದಿಗೆ 2.54 ಸೆಂ.ಮೀ. ಅಂಚು ಬಿಟ್ಟರೆ ಬರಹಕ್ಕೆ 15.92 ಸೆಂ.ಮೀ. ಉಳಿಯುತ್ತದೆ. ಆದರೆ ಪ್ರಬಂಧವನ್ನು ಬೈಂಡ್ ಮಾಡಿಸಬೇಕೆಂದು ಎಡ ಅಂಚನ್ನು ಒಂದೂವರೆ ಇಂಚಿಗೆ, ಅಂದರೆ 3.81 ಸೆಂ.ಮೀ.ಗೆ ಹಿಗ್ಗಿಸಿದಾಗ ಉಳಿಯುವುದು 14.65 ಮಾತ್ರ. ಸ್ಟೈಲ್‌ನಲ್ಲಿ 15.92ಕ್ಕೆ ನೆಟ್ಟ ಟ್ಯಾಬ್ ಅಂಚು ಬದಲಾಯಿತೆಂದು ತಾನೂ ಸರಿಯುವುದಿಲ್ಲ, ಅದು 1.27 ಸೆಂ.ಮೀ. ಹೊರಗೆ ಉಳಿಯುತ್ತದೆ, ಪುಟ ಸಂಖ್ಯೆ ಅಂಚಿನ ಆಚೆಗೆ ಚಾಚುತ್ತದೆ ಇಲ್ಲವೇ ಕೆಳಗಿನ ಸಾಲಿಗೆ ಬೀಳುತ್ತದೆ. ಹಾಳೆಯ ಅಳತೆಯೂ ಇದೇ ಆಟ ಆಡುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ವರ್ಡ್ ಹೊಸ ಕಡತವನ್ನು 21.59 ಸೆಂ.ಮೀ. ಅಗಲದ ಲೆಟರ್ ಹಾಳೆಯಲ್ಲಿ ತೆರೆಯುತ್ತದೆ. ಮನೆಯಲ್ಲಿ ಆರು ತಿಂಗಳು ಅದರಲ್ಲಿಯೇ ಬರೆದು, ಮುದ್ರಿಸುವ ದಿನ ಎ4 ಮಾಡಿದವರ ಪರಿವಿಡಿಯಲ್ಲಿ ಈ ತೊಂದರೆ ಬಹುತೇಕ ಇದ್ದೇ ಇರುತ್ತದೆ. ಮೊದಲು ಹಾಳೆ ಮತ್ತು ಅಂಚು, ಬಳಿಕ ಟ್ಯಾಬ್. ಈ ಕ್ರಮವನ್ನು ತಿರುಗಿಸಬೇಡಿ. ಬೈಂಡಿಂಗಿಗೆಂದು ಗಟರ್, ಅಂದರೆ ಅಂಚಿನ ಜೊತೆಗೆ ಇನ್ನಷ್ಟು ಖಾಲಿ ಜಾಗ ಇಟ್ಟಿದ್ದರೆ ಅದನ್ನೂ ಬರಹದ ಅಗಲದಿಂದ ಕಳೆಯಬೇಕು.

ಶೀರ್ಷಿಕೆಯೇ ಬಲಕ್ಕೆ ಹಾರಿದ ಸಾಲುಗಳ ಕಾರಣ ಬೇರೆ, ಮತ್ತು ಕನ್ನಡದಲ್ಲಿ ಬರೆಯುವವರಿಗೆ ಇದು ಹೆಚ್ಚು ಕಾಡುತ್ತದೆ. ಶೀರ್ಷಿಕೆಗಳಿಗೆ ತಾನಾಗಿ ಕ್ರಮಸಂಖ್ಯೆ ಬರುವಂತೆ ಮಾಡಿದ್ದರೆ ಪರಿವಿಡಿಯ ಪ್ರತಿ ಸಾಲಿನಲ್ಲಿ ಒಂದಲ್ಲ, ಎರಡು ಟ್ಯಾಬ್‌ಗಳಿರುತ್ತವೆ: ಕ್ರಮಸಂಖ್ಯೆಯ ನಂತರ ಒಂದು, ಶೀರ್ಷಿಕೆಯ ನಂತರ ಇನ್ನೊಂದು. ಮೊದಲನೆಯ ಟ್ಯಾಬಿಗೆ ಎಡದಲ್ಲಿ ಒಂದು ಸ್ಟಾಪ್ ಬೇಕು. ‘3.2’ ಎಂಬ ಸಂಖ್ಯೆಗೆ ಮುಕ್ಕಾಲು ಸೆಂ.ಮೀ. ಸಾಕಾಗಬಹುದು, ‘3.2.10’ ಎಂಬುದು ಆ ಗುರುತನ್ನು ದಾಟಿಬಿಡುತ್ತದೆ. ಅಧ್ಯಾಯದ ಕ್ರಮಸಂಖ್ಯೆಯನ್ನೇ ‘ಅಧ್ಯಾಯ 4’ ಎಂದು ಇಟ್ಟಿದ್ದರಂತೂ ‘ಅಧ್ಯಾಯ’ ಎಂಬ ಪದವೊಂದೇ ಅದನ್ನು ನುಂಗುತ್ತದೆ. ದಾಟಿದ ಮೇಲೆ ಟ್ಯಾಬ್ ಹಿಂದಕ್ಕೆ ಬರಲಾರದು. ವಿಜಯಪುರದಿಂದ ಬಾಗಲಕೋಟೆಯ ಬಸ್ಸು ಹತ್ತಿ, ಕೊಲ್ಹಾರ ದಾಟಿದ ಮೇಲೆ ಕೊಲ್ಹಾರದಲ್ಲಿ ಇಳಿಸಿ ಎಂದರೆ ಕಂಡಕ್ಟರು ಮುಂದಿನ ಸ್ಟಾಪಿನಲ್ಲಿಯೇ ಇಳಿಸುವುದಲ್ಲವೇ, ಹಾಗೆ. ಪರಿವಿಡಿಯ ಸಾಲಿನಲ್ಲಿ ಮುಂದಿನ ಸ್ಟಾಪ್ ಎಂದರೆ ಬಲ ಅಂಚು. ಆದ್ದರಿಂದ ‘ಅಧ್ಯಾಯ 4’ರ ನಂತರ ಚುಕ್ಕಿಗಳು ಸುರಿದು, ‘ಸುರಂಗ ಬಾವಿಗಳು’ ಎಂಬ ಶೀರ್ಷಿಕೆ ಬಲ ಅಂಚಿಗೆ ಒರಗುತ್ತದೆ, ಪುಟ ಸಂಖ್ಯೆಗೆ ನೆಲೆಯೇ ಇಲ್ಲದಂತಾಗುತ್ತದೆ.

ಪರಿಹಾರ ಸುಲಭ. ನಿಮ್ಮ ಪ್ರಬಂಧದ ಅತಿ ಅಗಲದ ಕ್ರಮಸಂಖ್ಯೆಯನ್ನು ಹುಡುಕಿ, ರೂಲರಿನ (ಪುಟದ ಮೇಲ್ಗಡೆ ಕಾಣುವ ಅಳತೆಪಟ್ಟಿಯ) ಮೇಲೆ ಅದು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿ, ಅದಕ್ಕಿಂತ ತುಸು ಮುಂದೆ ಎಡ ಜೋಡಣೆಯ ಟ್ಯಾಬನ್ನು ಆಯಾ ಟಿಒಸಿ ಸ್ಟೈಲ್‌ನಲ್ಲಿಯೇ ಇಡಿರಿ. ‘ಅಧ್ಯಾಯ 10’ ಎಂಬಂಥದಕ್ಕೆ ಎರಡೂವರೆ ಸೆಂ.ಮೀ. ಇಟ್ಟು ಶುರು ಮಾಡಿ, ಅಕ್ಷರದ ಗಾತ್ರಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. ಈ ಎಡ ಟ್ಯಾಬಿಗೆ ಲೀಡರ್ ಇರಬಾರದು. ಕ್ರಮಸಂಖ್ಯೆ ತಾನಾಗಿ ಬಾರದೆ ನೀವೇ ‘4.1’ ಎಂದು ಹೊಡೆದು ಟ್ಯಾಬ್ ಒತ್ತಿ ಶೀರ್ಷಿಕೆ ಬರೆದಿದ್ದರೂ ಆ ಟ್ಯಾಬ್ ಪರಿವಿಡಿಗೆ ಬಂದು ಇದೇ ಅನಾಹುತ ಮಾಡುತ್ತದೆ. ಆಗ ಶೀರ್ಷಿಕೆಯಲ್ಲಿಯೇ ಟ್ಯಾಬನ್ನು ಅಳಿಸಿ ಸ್ಪೇಸ್ ಕೊಟ್ಟರೆ ಸಾಕು.

ಸಂವಾದ ಪೆಟ್ಟಿಗೆಗಳ ಸುತ್ತಾಟ ಬೇಡವೆನ್ನುವವರಿಗೆ ಒಂದು ಒಳದಾರಿ ಇದೆ. ಟಿಒಸಿ ಸ್ಟೈಲ್‌ಗಳು ಮೂಲದಲ್ಲಿಯೇ ತಾವಾಗಿ ನವೀಕರಣಗೊಳ್ಳುವಂತೆ ಇರುತ್ತವೆ. ಪರಿವಿಡಿಯ ಒಂದು ಸಾಲಿನಲ್ಲಿ ಕರ್ಸರ್ ಇಟ್ಟು ರೂಲರಿನ ಮೇಲಿನ ಟ್ಯಾಬ್ ಗುರುತನ್ನು ಎಳೆದರೆ ಅದೇ ಮಟ್ಟದ ಉಳಿದ ಸಾಲುಗಳೂ ಜೊತೆಗೆ ಸರಿಯುತ್ತವೆ. ಹಾಗೆ ಸರಿಯದೆ ಆ ಒಂದು ಸಾಲು ಮಾತ್ರ ಅಲುಗಿದರೆ ಆ ಗುಣವನ್ನು ಯಾರೋ ಕಿತ್ತಿದ್ದಾರೆ ಎಂದರ್ಥ; ಆಗ ಮೇಲಿನ ದಾರಿಯೇ ಗತಿ. ಹಿಂದೆ ಕೈಯಿಂದ ಮಾಡಿದ ತಿದ್ದುಪಡಿಗಳು ಅಂಟಿಕೊಂಡಿದ್ದರೆ ಪರಿವಿಡಿಯನ್ನು ಪೂರ್ತಿ ಆಯ್ದು ಕಂಟ್ರೋಲ್ ಮತ್ತು ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿರಿ, ಪ್ಯಾರಾಗಳು ಸ್ಟೈಲ್ ಹೇಳಿದಂತೆ ಕುಳಿತುಕೊಳ್ಳುತ್ತವೆ. ಆಮೇಲೆ ಎಫ್9 ಒತ್ತಿ, ಪುಟ ಸಂಖ್ಯೆ ಮಾತ್ರ ಎಂಬುದನ್ನು ಬಿಟ್ಟು ಇಡೀ ಪಟ್ಟಿಯನ್ನು ನವೀಕರಿಸುವ ಆಯ್ಕೆಯನ್ನು ಕೊಡಿರಿ.

ಇಷ್ಟಾದರೂ ಪ್ರತಿ ಸಾಲಿನ ಆರಂಭ ಒಳಕ್ಕೆ ಸರಿದು ನಿಂತಿದ್ದರೆ ನಾರ್ಮಲ್ ಸ್ಟೈಲನ್ನು, ಅಂದರೆ ಸಾಮಾನ್ಯ ಪ್ಯಾರಾಗಳ ಮೂಲ ಸ್ಟೈಲನ್ನು, ಸಂಶಯಿಸಬೇಕು. ಟಿಒಸಿ ಸ್ಟೈಲ್‌ಗಳು ನಾರ್ಮಲ್‌ನ ಮಕ್ಕಳು. ಪ್ಯಾರಾದ ಮೊದಲ ಸಾಲು ಅರ್ಧ ಇಂಚು ಒಳಗಿರಲಿ, ಎರಡೂ ಅಂಚು ಸಮವಾಗಿರಲಿ ಎಂದು ನೀವು ನಾರ್ಮಲ್‌ಗೇ ಹೇಳಿದ್ದರೆ ಪರಿವಿಡಿಯೂ ಅದನ್ನು ಪಾಲಿಸುತ್ತದೆ. ಟಿಒಸಿ ಸ್ಟೈಲ್‌ಗಳಲ್ಲಿ ಎಡ ಜೋಡಣೆ ಇಟ್ಟು, ಮೊದಲ ಸಾಲಿನ ಒಳಸರಿತವನ್ನು ತೆಗೆಯಬೇಕು.

ಉದ್ದದ ಶೀರ್ಷಿಕೆಗಳ ಮಾತು. ‘ತಾಜ್ ಬಾವಡಿ, ಬೇಗಂ ತಲಾಬ ಮತ್ತು ಸುರಂಗ ಬಾವಿಗಳ ನಡುವಿನ ನೀರಿನ ಹರಿವು: ಒಂದು ಕ್ಷೇತ್ರ ಅಧ್ಯಯನ’ ಎಂಬಂಥದು ಪರಿವಿಡಿಯಲ್ಲಿ ಎರಡನೆಯ ಸಾಲಿಗೆ ಹೋಗಿಯೇ ತೀರುತ್ತದೆ. ಆ ಎರಡನೆಯ ಸಾಲು ಕ್ರಮಸಂಖ್ಯೆಯ ಅಡಿಗೆ ಬಾರದೆ ಶೀರ್ಷಿಕೆಯ ಅಡಿಗೆ ಬರಬೇಕಾದರೆ ಸ್ಟೈಲ್‌ನಲ್ಲಿ ಹ್ಯಾಂಗಿಂಗ್ ಇಂಡೆಂಟ್ ಕೊಟ್ಟು, ಅದರ ಅಳತೆಯನ್ನು ಎಡ ಟ್ಯಾಬಿನ ಅಳತೆಗೆ ಸಮ ಮಾಡಬೇಕು. ಶೀರ್ಷಿಕೆಯನ್ನೇ ಚಿಕ್ಕದಾಗಿಸುವುದು ಇನ್ನೂ ಒಳ್ಳೆಯದು. ‘ಒಂದು ಅಧ್ಯಯನ’ ಎಂಬ ಬಾಲವನ್ನು ಕತ್ತರಿಸಿದರೆ ಯಾವ ಪ್ರಬಂಧಕ್ಕೂ ನಷ್ಟವಾದದ್ದನ್ನು ನಾನು ಕಂಡಿಲ್ಲ.

ಅಕ್ಷರಗಳ ವಿಷಯದಲ್ಲಿ ನಮ್ಮವರಿಗೇ ಇರುವ ಎರಡು ತೊಡಕುಗಳಿವೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರಿವಿಡಿಯಲ್ಲಿ ಶೀರ್ಷಿಕೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಟಿಒಸಿ ಸ್ಟೈಲ್‌ನ ಫಾಂಟ್ ಬೇರೆಯಾಗಿರುವುದೇ ಕಾರಣ, ಅಲ್ಲಿಯೂ ಅದೇ ಫಾಂಟನ್ನು ಕೊಟ್ಟರೆ ಕನ್ನಡ ಮರಳುತ್ತದೆ. ಯುನಿಕೋಡ್‌ನಲ್ಲಿ ಬರೆದವರು ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಪ್ರತ್ಯೇಕ ಗುಂಪಿನಲ್ಲಿ ಇಡುತ್ತದೆ, ಅದರ ಫಾಂಟೂ ಗಾತ್ರವೂ ಬೇರೆಯಾಗಿಯೇ ದಾಖಲಾಗುತ್ತವೆ ಎಂಬುದನ್ನು ನೆನಪಿಡಬೇಕು. ಶೀರ್ಷಿಕೆ 14 ಪಾಯಿಂಟ್, ಅಂಕಿ ಮತ್ತು ಚುಕ್ಕಿ 11 ಪಾಯಿಂಟ್ ಎಂದು ಬೇರೆ ಬೇರೆ ಕಂಡರೆ ಫಾಂಟ್ ಪೆಟ್ಟಿಗೆಯಲ್ಲಿ ಎರಡೂ ಕಡೆ ಒಂದೇ ಗಾತ್ರ ಕೊಡಿರಿ.

ಲಿಬ್ರೆಆಫೀಸ್ ಬಳಸುವವರಿಗೆ ಕೆಲಸ ಇನ್ನೂ ಹಗುರ. ಪರಿವಿಡಿಯ ಮೇಲೆ ಬಲ ಗುಂಡಿ ಒತ್ತಿ ಎಡಿಟ್ ಇಂಡೆಕ್ಸ್ ಆಯ್ದು, ಎಂಟ್ರೀಸ್ ಪುಟದಲ್ಲಿ ಸಾಲಿನ ರಚನೆಯನ್ನು ತೋರಿಸುವ ಪಟ್ಟಿಯಲ್ಲಿರುವ ಟಿ ಗುಂಡಿಯನ್ನು ಒತ್ತಿ, ಅಲೈನ್ ರೈಟ್ ಎಂಬಲ್ಲಿ ಗುರುತು ಹಾಕಿದರೆ ಸಂಖ್ಯೆಗಳು ಬಲಕ್ಕೆ ಕೂಡುತ್ತವೆ. ಅಂಚು ಬದಲಾದರೂ ಅವು ಅದರ ಹಿಂದೆಯೇ ಹೋಗುತ್ತವೆ. ಅಲ್ಲಿ ಪರಿವಿಡಿಯ ಸ್ಟೈಲ್‌ಗಳ ಹೆಸರು ಕಂಟೆಂಟ್ಸ್ 1, ಕಂಟೆಂಟ್ಸ್ 2 ಎಂದಿರುತ್ತದೆ.

ಅ.ನಂ., ವಿಷಯ, ಪುಟ ಸಂಖ್ಯೆ ಎಂದು ಮೂರು ಕಾಲಮ್ಮಿನ ಕೋಷ್ಟಕ ಹಾಕಿ ಗೆರೆಗಳನ್ನು ಅಳಿಸಿಬಿಡಿ ಎಂಬ ಸಲಹೆಯನ್ನೂ ನೀವು ಕೇಳಿರುತ್ತೀರಿ. ಇಪ್ಪತ್ತು ಕವಿತೆಗಳ ಸಂಕಲನಕ್ಕೆ ಅದು ನಡೆಯುತ್ತದೆ. ಮಾರ್ಗದರ್ಶಕರ ಕೈಯಲ್ಲಿ ಇನ್ನೂ ಓಡಾಡುತ್ತಿರುವ ಮಹಾಪ್ರಬಂಧಕ್ಕೆ ಬೇಡ, ಏಕೆಂದರೆ ಆ ಕೋಷ್ಟಕದ ಅಂಕಿಗಳು ತಾವಾಗಿ ಬದಲಾಗುವುದಿಲ್ಲ.

ಕೊನೆಯದಾಗಿ ಮುದ್ರಣ. ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟಗಳು ಹೆಚ್ಚು ಕಡಿಮೆಯಾಗುತ್ತವೆ. ಮುದ್ರಣಕ್ಕೆ ಮುಂಚೆ ನವೀಕರಿಸುವ ಆಯ್ಕೆ ಆ ವರ್ಡ್‌ನಲ್ಲಿ ಚಾಲೂ ಇದ್ದರೆ ಪರಿವಿಡಿ ನಿಮ್ಮ ಕಣ್ಣೆದುರೇ ಬದಲಾಗಬಹುದು. ಆದ್ದರಿಂದ ನಿಮ್ಮ ಕಂಪ್ಯೂಟರಿನಲ್ಲಿಯೇ ಕೊನೆಯ ಸಲ ಎಫ್9 ಒತ್ತಿ, ಪರಿವಿಡಿಯ ಮೂರು ನಾಲ್ಕು ಸಂಖ್ಯೆಗಳನ್ನು ಒಳಪುಟಗಳೊಂದಿಗೆ ತಾಳೆ ನೋಡಿ, ಪಿಡಿಎಫ್ ಮಾಡಿಕೊಂಡು ಅದನ್ನೇ ಅಂಗಡಿಗೆ ಕೊಡಿರಿ.