ಬೆಂಕಿಯ ಹಿಂದಿನ ದಿನದ ಕೆಂಪು

1989ರ ಆಗಸ್ಟ್ 30ರಂದು ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿರುವ ಅಪ್‌ಪಾರ್ಕ್ ಎಂಬ ಹಳೆಯ ಬಂಗಲೆಗೆ ಬೆಂಕಿ ಬಿತ್ತು. ಚಾವಣಿಯ ಸೀಸದ ತಗಡು ರಿಪೇರಿ ಇನ್ನೇನು ಮುಗಿಯುವುದರಲ್ಲಿತ್ತು. ಆ ಕೆಲಸದ ಬೆಂಕಿಯೇ ಮನೆಗೆ ತಗುಲಿತು. ಸಿಬ್ಬಂದಿ, ಮನೆ ನೋಡಲು ಬಂದಿದ್ದ ಜನ, ಎಲ್ಲರೂ ಸಾಲಾಗಿ ನಿಂತು ಚಿತ್ರಪಟ, ಕುರ್ಚಿ, ಪಿಂಗಾಣಿ ಕೈಯಿಂದ ಕೈಗೆ ದಾಟಿಸಿದರು. ಕೆಳಗಿನ ಕೋಣೆಗಳ ಸಾಮಾನು ಬಹಳಷ್ಟು ಉಳಿಯಿತು. ಮೇಲಿನ ಮಹಡಿಗಳು ಪೂರ್ತಿ ಹೋದವು.

ಮನೆ ನೋಡಿಕೊಳ್ಳುತ್ತಿದ್ದ ನ್ಯಾಷನಲ್ ಟ್ರಸ್ಟ್ ಒಂದು ತೀರ್ಮಾನ ಮಾಡಿತು: ಬೆಂಕಿಯ ಹಿಂದಿನ ದಿನ ಹೇಗಿತ್ತೋ ಹಾಗೇ ಕಟ್ಟಬೇಕು. 1995ರಲ್ಲಿ ಮನೆ ಮತ್ತೆ ತೆರೆಯಿತು. ಕೇಳಲು ಸುಲಭದ ಮಾತು, ಅಲ್ವಾ? ಆದರೆ ಹಿಂದಿನ ದಿನ ಅಲ್ಲಿನ ಕೆಂಪು ಕೋಣೆಯ ವಾಲ್‌ಪೇಪರ್ ಇದ್ದದ್ದು ಅಂಟಿಸಿದ ದಿನದ ಕೆಂಪಿನಲ್ಲಲ್ಲ. ದಶಕಗಳ ಬೆಳಕು ತಿಂದು ಮಾಸಿದ ಕೆಂಪಿನಲ್ಲಿ. ಹಳೆಯ ಬಟ್ಟೆ, ವಾಲ್‌ಪೇಪರ್ ಮರುಸೃಷ್ಟಿಸುವವರಿಗೆ ಚಿತ್ತಾರಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಬಣ್ಣವೇ.

ಚಿತ್ತಾರ ಹೇಗೋ ಸಿಗುತ್ತದೆ. ಅದು ಮತ್ತೆ ಮತ್ತೆ ಬರುವುದರಿಂದ ಒಂದು ಪೂರ್ತಿ ಸುತ್ತು ಸಿಕ್ಕರೆ ಸಾಕು. ಎಡ ಬಲ ಒಂದೇ ಥರ ಇರುವ ವಿನ್ಯಾಸವಾದರೆ ಅರ್ಧವೇ ಸಾಕು. ಕಾಗದದ ವಯಸ್ಸು ಹೇಳುವ ಗುರುತುಗಳೂ ಇರುತ್ತವೆ. 1712ರಿಂದ 1836ರವರೆಗೆ ಬ್ರಿಟನ್ನಿನಲ್ಲಿ ವಾಲ್‌ಪೇಪರ್‌ಗೆ ತೆರಿಗೆ ಇತ್ತು. ತೆರಿಗೆಯವರು ಕಾಗದದ ಬೆನ್ನಿಗೆ ಮುದ್ರೆ ಒತ್ತುತ್ತಿದ್ದರು. ಹಾಳೆಗೆ ಹಾಳೆ ಅಂಟಿಸಿ ಸುರುಳಿ ಮಾಡಿದ್ದರೆ, ಅದು ಉದ್ದನೆಯ ಕಾಗದ ಕೊಡುವ ಯಂತ್ರ ಬಳಕೆಗೆ ಬರುವ ಮುಂಚಿನದು ಅನ್ನಬಹುದು. ಅಂದು ಜನ ಬೈದುಕೊಂಡೇ ಕಟ್ಟಿದ ತೆರಿಗೆ ಇವತ್ತು ಸಂಶೋಧಕರಿಗೆ ಪುಕ್ಕಟೆ ಸಾಕ್ಷಿ.

ಕೆಂಪು ಕೋಣೆಯದು ಫ್ಲಾಕ್ ಕಾಗದ. ಗೋಡೆಗೆ ಡಮಾಸ್ಕ್, ಅಂದರೆ ನೇಯ್ಗೆಯಲ್ಲೇ ಚಿತ್ತಾರ ಮೂಡಿಸಿದ ರೇಷ್ಮೆ ಬಟ್ಟೆ, ಹೊದಿಸುವುದು ಅಂದಿನ ದೊಡ್ಡಸ್ತಿಕೆ. ಅದನ್ನು ನಕಲು ಮಾಡಲು ಹುಟ್ಟಿದ್ದು ಫ್ಲಾಕ್. ಮೊದಲು ಕಾಗದಕ್ಕೆ ಬಣ್ಣ ಬಳಿಯಬೇಕು. ಆಮೇಲೆ ಕೆತ್ತಿದ ಮರದ ಅಚ್ಚಿನಿಂದ ಚಿತ್ತಾರದ ಜಾಗಕ್ಕೆ ಮಾತ್ರ ಎಣ್ಣೆಯ ಅಂಟು ಒತ್ತಬೇಕು. ಅದರ ಮೇಲೆ ಬಣ್ಣ ಹಾಕಿದ ಉಣ್ಣೆಯ ನುಣ್ಣನೆ ಪುಡಿ ಉದುರಿಸಿ, ಕೆಳಗಿನಿಂದ ಕೋಲಿನಲ್ಲಿ ತಟ್ಟಬೇಕು. ತಟ್ಟಿದಾಗ ಪುಡಿ ಹಾರಿ ಕೂತು ಅಂಟಿನಲ್ಲಿ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಮುಟ್ಟಿದರೆ ಮಖಮಲ್ಲು. ಪುಡಿಯಾದರೂ ಎಲ್ಲಿಯದು? ಉಣ್ಣೆಬಟ್ಟೆಯನ್ನು ನುಣುಪು ಮಾಡಲು ಕತ್ತರಿಸಿದಾಗ ಉದುರುವ ಕಸ! ಅಂಟಿನಲ್ಲಿದ್ದ ಟರ್ಪೆಂಟೈನ್ ನುಸಿ ಹುಳುಗಳನ್ನೂ ದೂರ ಇಡುತ್ತಿತ್ತು. ಹಾಗಾಗಿ ನಕಲಿಯೇ ಕೆಲವು ಕಡೆ ಅಸಲಿಗಿಂತ ಹೆಚ್ಚು ಬಾಳಿತು.

ಈಗ ಬಣ್ಣಕ್ಕೆ ಬರೋಣ. ಬಣ್ಣದ ಅಣು ಬೆಳಕಿನ ಒಂದು ಭಾಗವನ್ನು ಹೀರಿ, ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಹೀರಿದ ಬೆಳಕಿನ ಶಕ್ತಿಯೇ ಕಾಲಕ್ರಮೇಣ ಅಣುವನ್ನು ಮುರಿಯುತ್ತದೆ. ಮುರಿದದ್ದು ಮತ್ತೆ ಕೂಡುವುದಿಲ್ಲ. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಸಾಯುವುದೂ ಇಲ್ಲ. ಹಳೆಯ ಯುರೋಪಿನ ಟೇಪೆಸ್ಟ್ರಿಗಳಲ್ಲಿ, ಅಂದರೆ ಗೋಡೆಗೆ ತೂಗುಹಾಕುವ ನೇಯ್ದ ಚಿತ್ರಗಳಲ್ಲಿ, ಮರಗಳೆಲ್ಲ ನೀಲಿಯಾಗಿ ಕಾಣುತ್ತವೆ. ನೇಯ್ದವನಿಗೆ ಹುಚ್ಚೇನೂ ಇರಲಿಲ್ಲ. ಹಸಿರು ಬರಲು ದಾರವನ್ನು ನೀಲಿಯಲ್ಲೂ ಅದ್ದಿ, ಗಿಡದಿಂದ ತೆಗೆದ ಹಳದಿಯಲ್ಲೂ ಅದ್ದುತ್ತಿದ್ದರು. ಹಳದಿ ಬೇಗ ಹೋಯಿತು, ನೀಲಿ ಗಟ್ಟಿಯಾಗಿ ಉಳಿಯಿತು. ಕಣ್ಣಿಗೆ ಕಂಡದ್ದನ್ನೇ ನಕಲು ಮಾಡಿದರೆ ಯಾರೂ ಎಂದೂ ನೇಯದ ನೀಲಿ ಕಾಡೊಂದು ತಯಾರಾಗುತ್ತದೆ.

ಆದ್ದರಿಂದ ಬೆಳಕು ಮುಟ್ಟದ ಜಾಗ ಹುಡುಕುತ್ತಾರೆ. ಪರದೆಯ ಮಡಿಚಿ ಹೊಲಿದ ಅಂಚು, ಕುರ್ಚಿ ಗವಸಿನ ಒಳಮಗ್ಗಲು, ಚಿತ್ರಪಟದ ಹಿಂದಿನ ಗೋಡೆ. ಅಲ್ಲಿಂದ ಕೆಲವು ಮಿಲಿಮೀಟರ್ ಎಳೆ ಸಿಕ್ಕರೆ ಬಣ್ಣವನ್ನು ಬಿಡಿಸಿ ಅಣುಗಳನ್ನು ಬೇರ್ಪಡಿಸಿ ನೋಡಬಹುದು. ಕಾರ್ಮಿನಿಕ್ ಆಮ್ಲ ಕಂಡರೆ ಕೊಚಿನೀಲ್ ಹುಳುವಿನ ಕೆಂಪು. ಅಲಿಜರಿನ್ ಜೊತೆಗೆ ಪರ್ಪುರಿನ್ ಕಂಡರೆ ನಮ್ಮ ಮಂಜಿಷ್ಠದ ಯುರೋಪಿನ ನೆಂಟ ಮ್ಯಾಡರ್ ಬೇರು ಇರಬಹುದು. ಮಾವೀನ್ ಕಂಡರೆ ಬಟ್ಟೆಗೆ ಆ ಬಣ್ಣ ಹಾಕಿದ್ದು 1856ಕ್ಕಿಂತ ಹಿಂದೆ ಸಾಧ್ಯವೇ ಇಲ್ಲ. ಆ ಕೃತಕ ನೇರಳೆ ಹುಟ್ಟಿದ್ದೇ ಆಗ.

ಬಣ್ಣ ಗೊತ್ತಾಯಿತು ಅಂತ ಸುಮ್ನೆ ಅಂಗಡಿಯಿಂದ ಅದೇ ಕೆಂಪು ತಂದರೆ ಆಗುವುದಿಲ್ಲ. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸನ್ನು ಬಾಗಿಲ ಹತ್ತಿರ ಒಯ್ದು ಬಿಸಿಲಲ್ಲಿ ನೋಡುತ್ತೇವಲ್ಲ, ಅದೇ ತೊಂದರೆ ಇಲ್ಲೂ ಇದೆ. ಎರಡು ಬೇರೆ ಬೇರೆ ಬಣ್ಣ ಒಂದು ದೀಪದ ಕೆಳಗೆ ಒಂದೇ ಥರ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿಬಿಡುತ್ತವೆ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಮೇಣದಬತ್ತಿಯ ಬೆಳಕಿಗಾಗಿ ಆರಿಸಿದ ಬಣ್ಣವನ್ನು ಟ್ಯೂಬ್‌ಲೈಟ್ ಕೆಳಗೆ ಹೊಂದಿಸಿ ನೋಡಿದವರು ಮೋಸ ಹೋಗುತ್ತಾರೆ.

ಅಪ್‌ಪಾರ್ಕ್‌ಗೆ ಬಟ್ಟೆ ಉಳಿಸುವ ಕೆಲಸ ಹೊಸದೂ ಅಲ್ಲ. 1930ರ ದಶಕದಲ್ಲಿ ಆ ಮನೆಯ ಒಡತಿ ಲೇಡಿ ಮೀಡ್ ಫೆದರ್‌ಸ್ಟನ್‌ಹಾ 18ನೇ ಶತಮಾನದ ಪರದೆಗಳು ಚಿಂದಿಯಾಗುತ್ತಿರುವುದನ್ನು ಕಂಡು, ಹೊಸದು ನೇಯಿಸಲಿಲ್ಲ. ಸಪೊನೇರಿಯಾ ಎಂಬ ಗಿಡವನ್ನು ಕುದಿಸಿ ಆ ನೀರಿನಲ್ಲಿ ರೇಷ್ಮೆ ತೊಳೆದರು. ಕಡಿದ ಎಳೆಗಳನ್ನು ಸೂಜಿ ಹಿಡಿದು ಒಂದೊಂದಾಗಿ ಕೂರಿಸಿದರು. ಆ ಗಿಡದಲ್ಲಿರುವುದು ಸಪೊನಿನ್. ನಮ್ಮ ಅಜ್ಜಿಯರು ರೇಷ್ಮೆ ಸೀರೆ ಒಗೆಯುತ್ತಿದ್ದ ಅಂಟುವಾಳದಲ್ಲಿರುವುದೂ ಅದೇ ಜಾತಿಯ ರಾಸಾಯನಿಕ. ಅದರ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ಜಿಡ್ಡಿಗೆ. ಸೋಡಾ ಹಾಕಿದ ಸೋಪಿನಂತೆ ಅದು ರೇಷ್ಮೆಯನ್ನು ಕೊರೆಯುವುದಿಲ್ಲ.

ಹಾಗಾದರೆ ಯಾವ ಕೆಂಪು ಸರಿ? ಖಾಲಿ ಮನೆಯಾದರೆ ಮೊದಲ ದಿನದ ಹೊಳೆಯುವ ಕೆಂಪೇ ಇರಲಿ ಅನ್ನುತ್ತೇನೆ. ಆದರೆ ಮಾಸಿದ ಕುರ್ಚಿ, ಮಾಸಿದ ಪರದೆ, ಹಳದಿಗಟ್ಟಿದ ಗಿಲೀಟಿನ ಪಕ್ಕದಲ್ಲಿ ಹೊಚ್ಚಹೊಸ ಕೆಂಪು ಕೂಗುತ್ತದೆ. ಅಪ್‌ಪಾರ್ಕ್‌ನಲ್ಲಿ ಅಷ್ಟೊಂದು ಹಳೆಯ ಸಾಮಾನು ಉಳಿದಿದ್ದರಿಂದ ಮಾಸಿದ ಬಣ್ಣಕ್ಕೆ ಹೊಂದಿಸಿದ್ದೇ ನನಗೆ ಸರಿ ಕಾಣುತ್ತದೆ.

ಇದರಲ್ಲೂ ಒಂದು ತೊಡಕಿದೆ. ಮಾಸಿದಂತೆ ಕಾಣಲೆಂದು ಹಾಕಿದ ಹೊಸ ಬಣ್ಣ ಮುಂದೆ ತನ್ನದೇ ವೇಗದಲ್ಲಿ ಮಾಸುತ್ತದೆ. ಇವತ್ತು ಕೂಡಿದ್ದು ಐವತ್ತು ವರ್ಷದಲ್ಲಿ ಬೇರೆಯಾಗಬಹುದು. ಬೆಳಕಿಗೆ ಬೇಗ ಕೆಡುವ ಬಟ್ಟೆ, ಕಾಗದ ಇರುವ ಕೋಣೆಗಳಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಇಳಿಸುವುದು ಈ ಕಾರಣಕ್ಕೇ. ಹೊಸದಾಗಿ ಮಾಡಿಸಿದ ಕಾಗದಕ್ಕೂ ಅಷ್ಟೇ ಕತ್ತಲು ಬೇಕು. ಜೊತೆಗೆ ಅದರದೊಂದು ತುಂಡನ್ನು ಬೆಳಕು ತಾಗದ ಪೆಟ್ಟಿಗೆಯಲ್ಲಿ ತೆಗೆದಿಡಬೇಕು, ಯಾವ ಬಣ್ಣ ಎಷ್ಟು ಬೆರೆಸಿದ್ದು ಎಂದು ಬರೆದಿಟ್ಟು. ಮುಂದೆ ಇದನ್ನು ಮತ್ತೆ ಮಾಡಬೇಕಾದವರಿಗೆ ಮಡಿಚಿದ ಅಂಚು ಬಿಚ್ಚುವ ಕಷ್ಟ ತಪ್ಪುತ್ತದೆ.